ಕಟಾವಿನ ವೇಳೆ ಚಿರತೆ ಮರಿ ಕಂಡರೆ: ಕಬ್ಬು ಬೆಳೆಗಾರರ ಗಮನಕ್ಕೆ

ಸದಸ್ಯರೇ,

ಮಂಡ್ಯ ಸುತ್ತಮುತ್ತ ಕಟಾವು ಶುರುವಾಗುತ್ತಿದೆ. ಎತ್ತರ ಬೆಳೆದ ಕಬ್ಬಿನೊಳಗೆ ಚಿರತೆ ಮರಿ ಹಾಕುವುದು ನಮ್ಮ ಭಾಗಕ್ಕೆ ಹೊಸದಲ್ಲ. ಮರಿಗಳು ಕಂಡರೆ ಮುಟ್ಟಬೇಡಿ, ಎತ್ತಿಕೊಂಡು ಫೋಟೊ ತೆಗೆಸಿಕೊಳ್ಳಬೇಡಿ, ಮನೆಗಂತೂ ತರಲೇಬೇಡಿ. ಕೆಲಸ ನಿಲ್ಲಿಸಿ, ಆಳುಗಳನ್ನು ದೂರ ಕಳುಹಿಸಿ, ವಲಯ ಅರಣ್ಯಾಧಿಕಾರಿ ಕಚೇರಿಗೆ ಅಥವಾ ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಇಲಾಖೆಯವರು ಮರಿಗಳನ್ನು ಸಿಕ್ಕ ಜಾಗದಲ್ಲೇ ಪೆಟ್ಟಿಗೆಯಲ್ಲಿಟ್ಟು ಕಾಯುತ್ತಾರೆ. ಸಾಮಾನ್ಯವಾಗಿ ತಾಯಿ ಕತ್ತಲಾದ ಮೇಲೆ ಬಂದು ಒಂದೊಂದನ್ನೇ ಕಚ್ಚಿಕೊಂಡು ಹೋಗುತ್ತದೆ. ಅದಕ್ಕೆ ಜಮೀನಿನವರ ಒಪ್ಪಿಗೆಯೂ ಒಂದೆರಡು ರಾತ್ರಿ ಗಲಾಟೆಯಿಲ್ಲದ ಗದ್ದೆಯೂ ಬೇಕು. ಗದ್ದೆ ನಮ್ಮದು, ಪ್ರಾಣಿ ಸರ್ಕಾರದ್ದು ಎಂದು ಕೈಕಟ್ಟಿ ಕುಳಿತರೆ ನಡೆಯದು. ಮರಿ ಕಳೆದುಕೊಂಡ ತಾಯಿ ಅಲ್ಲೇ ಸುತ್ತುತ್ತದೆ. ಮರುದಿನ ಅದೇ ಗದ್ದೆಗೆ ಇಳಿಯುವವರು ನಮ್ಮ ಜನರೇ.

ಉರುಳು ಹಾಕುವುದು, ಬೇಲಿಗೆ ನೇರ ವಿದ್ಯುತ್ ಹರಿಸುವುದು ಖಂಡಿತ ಬೇಡ. ಚಿರತೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಕೊಂದರೆ ಜೈಲು. ಅದಕ್ಕೂ ಮೊದಲು, ರಾತ್ರಿ ನೀರು ಹಾಯಿಸಲು ಹೋದವರೇ ಆ ತಂತಿ ತುಳಿದಾರು.

ಹಸು, ಮೇಕೆ ಬಲಿಯಾದರೆ ಕಳೇಬರ ಕದಲಿಸದೆ ಇಲಾಖೆಗೆ ತಿಳಿಸಿ. ಪರಿಶೀಲನೆಯ ನಂತರ ಪರಿಹಾರಕ್ಕೆ ಅರ್ಜಿ ಹಾಕಬಹುದು. ಕಟಾವಿನ ದಿನವನ್ನು ಇಲ್ಲಿ ಮುಂಚಿತವಾಗಿ ತಿಳಿಸಿ, ಪಕ್ಕದ ಗದ್ದೆಯವರು ಎಚ್ಚರದಿಂದಿರುತ್ತಾರೆ.