ಟರ್ಕಿ ಬೇಟೆಗೆ ಹೊರಟಿರುವ ಪುಟ್ಟನಿಗೆ

ತೀರ್ಥಹಳ್ಳಿ

ಪ್ರೀತಿಯ ಪುಟ್ಟಾ,

ಸೋಮವಾರ ಅಮೆರಿಕದ ಮಿಸೌರಿಯಲ್ಲಿ ಟರ್ಕಿ ಅನ್ನುವ ದೊಡ್ಡ ಕಾಡುಹಕ್ಕಿಯ ಬೇಟೆಯ ಸೀಸನ್ ಶುರು. ನಾನು ಮಾತ್ರ ಇಲ್ಲಿ ನಿನ್ನ ಅಜ್ಜಿಯ ಮಂಚದ ಪಕ್ಕ ಕೂತಿದ್ದೇನೆ. ಮಾವ, ಮಾವನ ಅಪ್ಪ ಇಬ್ಬರೂ ನಿನ್ನನ್ನು ಕರೆದುಕೊಂಡು ಹೋಗುತ್ತಾರೆ ಅಂತ ಕೇಳಿ ತುಂಬಾ ಖುಷಿಯಾಯಿತು. ಈ ಸಲ ನಿನ್ನ ಕೈಗೆ ಕೋವಿ ಕೊಡುವುದಿಲ್ಲ. ಬೇಜಾರು ಮಾಡ್ಕೋಬೇಡ. ನನ್ನ ಮೊದಲ ಎರಡು ವರ್ಷವೂ ಹಾಗೇ ಕಳೆದಿದ್ದು. ಮೊದಲು ಕೂರುವುದನ್ನು ಕಲಿಯಬೇಕು.

ಕೆಂಪು, ಬಿಳಿ, ನೀಲಿ ಬಣ್ಣದ್ದೇನೂ ಹಾಕಬೇಡ, ಕಾಲುಚೀಲ ಕೂಡ. ಗಂಡು ಟರ್ಕಿಯ ತಲೆಯ ಬಣ್ಣ ಅದೇ. ಒಂದು ವರ್ಷ ನಾನು ಮೂಗು ಒರೆಸಲು ಬಿಳಿ ಕರ್ಚೀಫ್ ತೆಗೆದೆ. ಪೊದೆಯಾಚೆ ಯಾರೋ ಅಪರಿಚಿತ ಕೋವಿ ಎತ್ತಿದ್ದ. ಮಾವನ ಅಪ್ಪ ಗಟ್ಟಿಯಾಗಿ ಕೂಗದಿದ್ದರೆ ಏನಾಗುತ್ತಿತ್ತೋ! ಯಾರಾದರೂ ಬರುತ್ತಿರುವುದು ಕಂಡರೆ ಕೈ ಬೀಸಬೇಡ, ಏಳಬೇಡ, ಜೋರಾಗಿ ಮಾತಾಡು. ನಿನ್ನ ಬೆನ್ನಿಗಿಂತ ಅಗಲವಾದ ಓಕ್ ಮರಕ್ಕೆ ಒರಗಿ ಕೂರು. ಟರ್ಕಿ ಕೂಗಿದ ಕಡೆಗೆ ಯಾವತ್ತೂ ನಡೆದು ಹೋಗಬೇಡ. ಅಲ್ಲಿ ಕೂಗುತ್ತಿರುವುದು ಇನ್ನೊಬ್ಬ ಬೇಟೆಗಾರನೂ ಆಗಿರಬಹುದು.

ಬೆಳಕು ಹರಿಯುವ ಮುಂಚೆ ಮಾವ ಗೂಬೆಯ ಹಾಗೆ ಕೂಗುತ್ತಾರೆ. ಮರದ ಮೇಲೆ ಮಲಗಿದ್ದ ಗಂಡು ತಡೆಯಲಾರದೆ ಗುಳುಗುಳು ಅಂತ ಉತ್ತರ ಕೊಡುತ್ತದೆ. ಆ ಸದ್ದಿಗೆ ನಿನ್ನ ಎದೆ ಝಲ್ ಅನ್ನುತ್ತದೆ ನೋಡು! ಆಮೇಲೆ ಮಾವ ಸ್ಲೇಟಿನ ಮೇಲೆ ಕಡ್ಡಿ ಉಜ್ಜಿ ಹೆಣ್ಣಿನ ಕೂಗು ಹೊರಡಿಸುತ್ತಾರೆ. ಕಷ್ಟ ಇರುವುದು ಇಲ್ಲೇ. ಕಾಡಿನಲ್ಲಿ ಸಾಮಾನ್ಯವಾಗಿ ಹೆಣ್ಣೇ ಗಂಡನ್ನು ಹುಡುಕಿಕೊಂಡು ಹೋಗುತ್ತದೆ. ಗಂಡೇ ಬರಲಿ ಅಂತ ನಾವು ಕರೆಯುವುದು ಅದಕ್ಕೆ ಉಲ್ಟಾ. ಗಂಡು ದೂರದಲ್ಲೇ ನಿಂತು, ಬಾಲ ಬಿಚ್ಚಿ, ಅವಳೇ ಬರಲಿ ಅಂತ ಕಾಯುತ್ತದೆ. ಆಮೇಲೆ ಕೂಗೇ ನಿಂತುಹೋಗುತ್ತದೆ. ಹೊರಟುಹೋಯಿತು ಅಂದುಕೊಂಡು ನಾನು ಎಷ್ಟು ಸಲ ಎದ್ದಿದ್ದೇನೋ. ಎದ್ದಾಗಲೆಲ್ಲ ಪಕ್ಕದಲ್ಲೇ ಪಟಪಟ ರೆಕ್ಕೆ ಸದ್ದು. ಸದ್ದಿಲ್ಲದೆ ಹತ್ತಿರ ಬಂದಿರುತ್ತಿತ್ತು. ಕೂಗು ನಿಂತ ಮೇಲೆ ಇನ್ನೊಂದು ಗಂಟೆಯಾದರೂ ಕೂತಿರು. ಕಾಲು ಜೋಮು ಹಿಡಿದರೂ ಅಲ್ಲಾಡಬೇಡ, ಅದರ ಕಣ್ಣು ನಮ್ಮದಕ್ಕಿಂತ ಚುರುಕು.

ಉಣುಗಿನ ವಿಷಯ ನಿನಗೆ ಹೇಳಬೇಕಾಗಿಲ್ಲ, ಮಂಗನ ಕಾಯಿಲೆಯ ಸೀಮೆಯಲ್ಲಿ ಬೆಳೆದವನು. ಅಲ್ಲಿ ಬೆನ್ನ ಮೇಲೆ ಬಿಳಿ ಚುಕ್ಕೆ ಇರುವ ಒಂದು ಜಾತಿ ಇದೆ. ಅದು ಕಚ್ಚಿದ ಕೆಲವರಿಗೆ ಆಮೇಲೆ ಕುರಿ, ಹಂದಿ ಮಾಂಸವೇ ಮೈಗೆ ಆಗುವುದಿಲ್ಲ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸು.

ಮಾವನ ಅಪ್ಪನ ಹತ್ತಿರ ಹಳೆಯ ಕಾಲದ ಕತೆ ಕೇಳು. 1950ರ ದಶಕದ ಶುರುವಿನಲ್ಲಿ ಇಡೀ ಮಿಸೌರಿಯಲ್ಲಿ 2,500 ಟರ್ಕಿಯೂ ಉಳಿದಿರಲಿಲ್ಲ. ಅವು ಇದ್ದ ಕಾಡಿನಲ್ಲಿ ಹಿಡಿದು, ಇಲ್ಲದ ಕಾಡಿಗೆ ಒಯ್ದು ಬಿಟ್ಟು, ವರ್ಷಗಟ್ಟಲೆ ಕಾದರು. 1960ರಲ್ಲಿ ವಸಂತದ ಬೇಟೆ ಮತ್ತೆ ಶುರುವಾದಾಗ ಸಿಕ್ಕಿದ್ದು ಬರೀ 94. ಅದಕ್ಕೇ ಮಾವನ ಅಪ್ಪ ಎದೆಯಿಂದ ಗಡ್ಡದ ಹಾಗೆ ಜೋತಾಡುವ ಗರಿ ಇಲ್ಲದ ಹಕ್ಕಿಯ, ಅಂದರೆ ಹೆಣ್ಣಿನ, ಕಡೆ ಕೋವಿ ತಿರುಗಿಸುವುದಿಲ್ಲ. ಆ ಹೊತ್ತಿಗೆ ಹೆಣ್ಣುಗಳಿಗೆ ಮೊಟ್ಟೆಯ ಕಾಲ. ಈ ವಿಷಯದಲ್ಲಿ ಅವರನ್ನು ನೋಡಿ ಕಲಿ.

ಏನೂ ಸಿಗದಿದ್ದರೆ ವಾಪಸ್ ಬರುವಾಗ ಸತ್ತ ಎಲ್ಮ್ ಮರದ ಬುಡದಲ್ಲಿ ಮೊರೆಲ್ ಅಣಬೆ ಹುಡುಕು. ಮಾವನಿಗೆ ತೋರಿಸದೆ ಒಂದನ್ನೂ ಬಾಯಿಗಿಡಬೇಡ. ಹಕ್ಕಿ ಸಿಕ್ಕರೆ ಎದೆಯ ಭಾಗ ಮನೆಯವರಿಗೆಲ್ಲ ಆಗಲಿ. ಕಾಲು ಗಟ್ಟಿ ಅಂತ ಅವರು ಬಿಸಾಡಲು ನೋಡುತ್ತಾರೆ, ಬಿಡಬೇಡ. ಫ್ರೀಜರ್‌ನಲ್ಲಿಡು. ಮೇ ಕೊನೆಗೆ ಬರುತ್ತೇನೆ, ತೋಟದ ಕಾಳುಮೆಣಸು ತರುತ್ತಿದ್ದೇನೆ.

ನಿನ್ನ ಅತ್ತೆ