ಮೇಲಿಂದ ಇಳಿದ ಚೆಂಡಿಗೊಂದು ನಮಸ್ಕಾರ

ಕಳೆದ ಭಾನುವಾರ ಲಾಸ್ ಏಂಜಲಿಸಿನ ವುಡ್ಲಿ ಪಾರ್ಕಿನ ಕ್ರಿಕೆಟ್ ಪಂದ್ಯದಲ್ಲಿ ನಾಲ್ಕು ಓವರ್ ಬೌಲ್ ಮಾಡಿದೆ. 38 ರನ್ ಕೊಟ್ಟು ಒಂದು ವಿಕೆಟ್. ನಗುವವರು ನಗಬಹುದು, ನಮ್ಮ ತಂಡದವರು ಆಗಲೇ ನಕ್ಕು ಮುಗಿಸಿದ್ದಾರೆ. ಆದರೆ 2023ರ ನವೆಂಬರಿನಲ್ಲಿ, ಬಲಭುಜದ ಆಪರೇಷನ್ ಆದಾಗ ಇದೇ ಕೈಯಲ್ಲಿ ತಲೆ ಬಾಚಿಕೊಳ್ಳಲೂ ಆಗುತ್ತಿರಲಿಲ್ಲ. ಹಾಗಾಗಿ ಕೆಲವರಿಗೆ ಎಲ್ಲರೆದುರು ಥ್ಯಾಂಕ್ಸ್ ಹೇಳಬೇಕಿದೆ. ಫೋನಿನಲ್ಲಿ ಹೇಳಲು ಹೋದರೆ ಗಂಟಲು ಕಟ್ಟುತ್ತದೆ, ಬರೆಯುವುದೇ ಕ್ಷೇಮ.

ಮೊದಲು ನನ್ನ ಹೆಂಡತಿಗೆ. ಆರು ವಾರ ನನ್ನ ಅಂಗಿಯ ಗುಂಡಿ ಹಾಕಿದವಳು, ಏಳನೇ ವಾರ "ಇನ್ಮೇಲೆ ನೀವೇ ಹಾಕ್ಕೊಳ್ಳಿ" ಅಂದವಳು. ಎರಡಕ್ಕೂ ಋಣಿ. ಇಪ್ಪತ್ತು ಸಲಕ್ಕೆ ಸಾಕು ಅಂತ ವಿಮೆಯವರು ಕೈಯೆತ್ತಿದ ಮೇಲೂ, ಕೆಲಸ ಮುಗಿಸಿ ಹೊರಟವರು ಕಾರಿನ ಪಕ್ಕ ನಿಂತು ರಬ್ಬರ್ ಪಟ್ಟಿ ಹೇಗೆ ಎಳೆಯಬೇಕೆಂದು ತೋರಿಸಿಕೊಟ್ಟ ಫಿಸಿಯೋಥೆರಪಿಸ್ಟ್ ಅವರಿಗೆ. ಎರಡು ವರ್ಷ ಪ್ರತಿ ಶುಕ್ರವಾರ ವಾಟ್ಸಾಪ್‌ನಲ್ಲಿ ಹನ್ನೊಂದು ಜನರ ಪಟ್ಟಿ ಹಾಕಿ, ಕೆಳಗೆ ಹನ್ನೆರಡನೆಯವನಾಗಿ ನನ್ನ ಹೆಸರು ಸೇರಿಸುತ್ತಿದ್ದ ಕ್ಯಾಪ್ಟನ್‌ಗೆ. ಮೈಸೂರಿನಿಂದ ದಿನಾ ಫೋನ್ ಮಾಡಿ "ಎಣ್ಣೆ ಬಿಸಿ ಮಾಡಿ ಹಚ್ಕೊಂಡ್ಯೇನೋ" ಅಂತ ಕೇಳುತ್ತಿದ್ದ ಅಮ್ಮನಿಗೆ. ಹಚ್ಕೊಂಡೆ ಅಂತ ಹೇಳಿದ್ದೆಲ್ಲ ಸುಳ್ಳು, ಕ್ಷಮಿಸಮ್ಮ.

ಇನ್ನಿಬ್ಬರು ಉಳಿದರು. ಒಬ್ಬರು ನಮ್ಮ ಪಕ್ಕದ ಮನೆಯ ತಾತ. ಇನ್ನೊಬ್ಬ ಕ್ಲೇಟನ್ ಕರ್ಶಾ. ಲಾಸ್ ಏಂಜಲಿಸ್ ಡಾಡ್ಜರ್ಸ್ ತಂಡಕ್ಕೆ 18 ಸೀಸನ್ ಬೇಸ್‌ಬಾಲ್ ಎಸೆದು 2025ರಲ್ಲಿ ನಿವೃತ್ತನಾದವನು. ಅವನಿಗೆ ನಾನು ಯಾರೆಂದು ಗೊತ್ತಿಲ್ಲ, ಕನ್ನಡವಂತೂ ಓದುವುದಿಲ್ಲ. ಏಕವಚನದಲ್ಲಿ ಕರೆಯುತ್ತಿದ್ದೇನೆ, ಮನೆಯವರಂತೆ ಆಗಿಬಿಟ್ಟಿದ್ದಾನೆ.

ಹದಿನಾರು ವರ್ಷ ಈ ಊರಿನಲ್ಲಿದ್ದೂ ನಾನು ಬೇಸ್‌ಬಾಲ್ ನೋಡಿರಲಿಲ್ಲ. ಬೆಂಗಳೂರಿನಲ್ಲಿ ಆಫ್ ಸ್ಪಿನ್ ಹಾಕುತ್ತ ಬೆಳೆದವನಿಗೆ ಅದು ಫುಲ್‌ಟಾಸ್ ಎಸೆಯುವ ಆಟ, ಅಷ್ಟೇ. ಆ ಅಹಂಕಾರ ಇಳಿದದ್ದು ಒಂದು ಕಿತ್ತಳೆ ಹಣ್ಣಿನಿಂದ.

ಆಪರೇಷನ್ ಆಗಿ ಹತ್ತು ದಿನ ಆಗಿತ್ತು. ಕೈ ಜೋಳಿಗೆಯಲ್ಲಿ, ನಾನು ಹಿತ್ತಲಿನ ಕುರ್ಚಿಯಲ್ಲಿ. ತಾತ ತಮ್ಮ ಮರದ ಕಿತ್ತಳೆ ಒಂದು ಬುಟ್ಟಿ ತಂದರು. ಮೆಕ್ಸಿಕನ್ ಮೂಲದವರು, ಎಪ್ಪತ್ತೈದು ದಾಟಿದೆ, ನನ್ನನ್ನು 'ಮಿಹೋ' ಅನ್ನುತ್ತಾರೆ, ಸ್ಪ್ಯಾನಿಷ್‌ನಲ್ಲಿ 'ಮಗನೇ' ಅಂತ. ನಮ್ಮ ಮಕ್ಕಳು ಅವರನ್ನು ತಾತ ಅಂತಲೇ ಕರೆಯುವುದು, ಅವರೂ ಓಗೊಡುತ್ತಾರೆ. "ನಿನ್ನ ಭುಜಕ್ಕೇನಾಯ್ತು?" ಅಂದರು. ಹೇಳಿದೆ. "ಈ ತಿಂಗಳೇ ಕರ್ಶಾಗೂ ಭುಜದ ಆಪರೇಷನ್ ಆಗಿದೆ" ಅಂತ ಸಂತೋಷವಾಗಿ ಹೇಳಿದರು, ನಾವಿಬ್ಬರೂ ಒಂದೇ ಮದುವೆಗೆ ಹೋಗಿ ಬಂದವರ ಹಾಗೆ. ಯಾರು ಕರ್ಶಾ ಅಂತ ಕೇಳಿಬಿಟ್ಟೆ.

ಅವರು ಉತ್ತರ ಕೊಡಲಿಲ್ಲ. ಒಂದು ಕಿತ್ತಳೆ ತೆಗೆದು ನನ್ನ ಎಡಗೈಯಲ್ಲಿಟ್ಟರು. ಕರ್ಶಾನೂ ಎಡಗೈಯವನೇ. ನಡುಬೆರಳನ್ನು ಮೇಲೆ ಒತ್ತಿಸಿ, ಹೆಬ್ಬೆರಳನ್ನು ಅಡಿಯಲ್ಲಿ ಇಡಿಸಿ, ತಲೆಯ ಮೇಲಿನಿಂದ ಕೆಳಕ್ಕೆ ಎಳೆ ಅಂದರು. ಬಾವಿಯ ರಾಟೆಯ ಮೇಲಿನ ಹಗ್ಗ ಜಗ್ಗುವ ಹಾಗೆ ಎಳೆದೆ. ಹಣ್ಣು ಮುಂದಕ್ಕೆ ಉರುಳುತ್ತ ಹೋಗಿ ತುಳಸಿ ಕುಂಡಕ್ಕೆ ಬಡಿಯಿತು. ಅದೇ ಕರ್ವ್‌ಬಾಲ್.

ಫಾಸ್ಟ್‌ಬಾಲ್ ಹಿಂದಕ್ಕೆ ಸುತ್ತುತ್ತ ಹೋಗುತ್ತದೆ. ಗಾಳಿ ಅದನ್ನು ಅಡಿಯಿಂದ ಎತ್ತಿ ಹಿಡಿದಂತಿರುತ್ತದೆ, ಬೀಳಬೇಕಾದಷ್ಟು ಬೀಳುವುದಿಲ್ಲ. ಕರ್ವ್‌ಬಾಲ್ ಮುಂದಕ್ಕೆ ಸುತ್ತುತ್ತದೆ. ಗಾಳಿಯೂ ಕೆಳಕ್ಕೆ ತಳ್ಳುತ್ತದೆ, ಭೂಮಿಯೂ ಎಳೆಯುತ್ತದೆ. ಇದಕ್ಕೆ ಭೌತಶಾಸ್ತ್ರದಲ್ಲಿ ಮ್ಯಾಗ್ನಸ್ ಪರಿಣಾಮ ಅನ್ನುತ್ತಾರೆ. (ನಾವು ಆಡುವ ವುಡ್ಲಿಯ ಮೈದಾನಗಳಿಗೆ ಲಿಯೋ ಮ್ಯಾಗ್ನಸ್ ಕ್ರಿಕೆಟ್ ಕಾಂಪ್ಲೆಕ್ಸ್ ಅಂತ ಹೆಸರು. ಆ ಮ್ಯಾಗ್ನಸ್ ಬೇರೆ, ಈ ಮ್ಯಾಗ್ನಸ್ ಬೇರೆ. ಆದರೂ ಸ್ಪಿನ್ನರ್ ಒಬ್ಬನಿಗೆ ಇದಕ್ಕಿಂತ ಒಳ್ಳೆಯ ವಿಳಾಸ ಸಿಗಲಿಕ್ಕಿಲ್ಲ.) ಆಫ್ ಸ್ಪಿನ್ನರ್ ಎರಪಳ್ಳಿ ಪ್ರಸನ್ನ ಅವರ ಫ್ಲೈಟ್ ಬಗ್ಗೆ ಬೆಂಗಳೂರಿನ ಹಿರಿಯರು ಇವತ್ತಿಗೂ ಕಣ್ಣರಳಿಸಿ ಮಾತಾಡುತ್ತಾರಲ್ಲ, ಇಲ್ಲೇ ಬಂತು ಅಂತ ಬ್ಯಾಟ್ಸ್‌ಮನ್ ಮುಂದೆ ಬಂದಾಗ ಚೆಂಡು ಇನ್ನೂ ಅಲ್ಲಿಗೆ ಬಂದೇ ಇರುತ್ತಿರಲಿಲ್ಲ ಅಂತ, ಅದರ ಹಿಂದೆಯೂ ಇದೇ ಗಾಳಿ. ನಮಗೆ ನೆಲದ ಸಹಾಯವೂ ಉಂಟು, ಪಿಚ್ ತಿರುಗಿಸಿಕೊಡುತ್ತದೆ. ಪಿಚರ್‌ಗೆ (ಬೇಸ್‌ಬಾಲಿನ ಬೌಲರ್ ಅನ್ನಿ) 60 ಅಡಿ 6 ಇಂಚು ಗಾಳಿ ಬಿಟ್ಟರೆ ಬೇರೇನೂ ಇಲ್ಲ. ಫುಲ್‌ಟಾಸ್ ಆಟ ಅಂದಿದ್ದೆನಲ್ಲ, ಆ ಮಾತು ವಾಪಸ್.

ಆ ಚಳಿಗಾಲವೆಲ್ಲ ತಾತನ ಜೊತೆ ಹಳೆಯ ಪಂದ್ಯ ನೋಡಿದೆ. ಕರ್ಶಾ ಎರಡೂ ಕೈಯನ್ನು ತಲೆಯ ಮೇಲಕ್ಕೆತ್ತುತ್ತಾನೆ, ಬಲಗಾಲು ಎತ್ತಿ ಇಳಿಸುವಾಗ ಅರೆಕ್ಷಣ ತಡೆಯುತ್ತಾನೆ, ಆಮೇಲೆ ಎಸೆಯುತ್ತಾನೆ. ಒಳ್ಳೆಯ ವರ್ಷಗಳಲ್ಲಿ ಫಾಸ್ಟ್‌ಬಾಲ್ ಗಂಟೆಗೆ 93-94 ಮೈಲಿ, ಕರ್ವ್‌ಬಾಲ್ 74ರ ಆಸುಪಾಸು. ಕೈ ಒಂದೇ ಎತ್ತರದಿಂದ ಬರುತ್ತದೆ, ವೇಗ ಮಾತ್ರ ಇಪ್ಪತ್ತು ಮೈಲಿ ಕಡಿಮೆ. ಚೆಂಡು ಮೊದಲು ಬ್ಯಾಟರ್‌ನ ತಲೆಯ ಎತ್ತರಕ್ಕೆ ಹೋದಂತೆ ಕಾಣುತ್ತದೆ. ಇದು ಬಾಲ್, ಅಂದರೆ ಹೊಡೆಯಬೇಕಾದ ಜಾಗಕ್ಕೆ ಬರದ ಎಸೆತ, ಅಂತ ಅವನು ಬಿಟ್ಟುಬಿಡುತ್ತಾನೆ. ಆಮೇಲೆ ಅದು ಗಡಿಯಾರದ ಹನ್ನೆರಡರಿಂದ ಆರಕ್ಕೆ ಬೀಳುತ್ತದೆ, ನೇರ ಕೆಳಗೆ, ನಮ್ಮ ಕೀಪರ್‌ನಂತೆ ಹಿಂದೆ ಕೂತ ಕ್ಯಾಚರ್‌ನ ಗ್ಲೌಸಿಗೆ. ಎಷ್ಟೋ ಜನರ ಮೊಣಕಾಲು ನಿಂತಲ್ಲೇ ಕುಸಿದಿದೆ. 2008ರ ಮಾರ್ಚಿನಲ್ಲಿ, ಇನ್ನೂ ಇಪ್ಪತ್ತು ತುಂಬಿರಲಿಲ್ಲ, ಫ್ಲಾರಿಡಾದ ಅಭ್ಯಾಸ ಪಂದ್ಯವೊಂದರಲ್ಲಿ ರೆಡ್ ಸಾಕ್ಸ್‌ನ ಶಾನ್ ಕೇಸಿಗೆ ಇಂಥದೊಂದು ಎಸೆದ. ಕಾಮೆಂಟರಿ ಹೇಳುತ್ತಿದ್ದ ವಿನ್ ಸ್ಕಲ್ಲಿ ಆ ಚೆಂಡಿಗೆ 'ಪಬ್ಲಿಕ್ ಎನಿಮಿ ನಂಬರ್ ಒನ್' ಅಂದರು. ಆ ಹೆಸರು ನಿಂತುಬಿಟ್ಟಿತು.

ಮುಂದಿನದ್ದು ದಾಖಲೆ ಪುಸ್ತಕದಲ್ಲಿದೆ. 2011, 2013, 2014ರಲ್ಲಿ ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ, 2014ರಲ್ಲಿ ಲೀಗಿನ ಅತ್ಯಮೂಲ್ಯ ಆಟಗಾರನ ಎಂವಿಪಿಯೂ. 223 ಗೆಲುವು, 3,052 ಸ್ಟ್ರೈಕ್‌ಔಟ್ (ಬ್ಯಾಟರ್ ತಪ್ಪಿಸಿದ ಅಥವಾ ಬಿಟ್ಟ ಒಳ್ಳೆಯ ಎಸೆತ ಒಂದು ಸ್ಟ್ರೈಕ್, ಮೂರಾದರೆ ಔಟ್), ಒಂದು ಪಂದ್ಯದ ಒಂಬತ್ತು ಇನ್ನಿಂಗ್ಸಿಗೆ, ಫೀಲ್ಡರ್‌ಗಳ ತಪ್ಪಿನಿಂದ ಬಂದವು ಬಿಟ್ಟು, ಸರಾಸರಿ ಕೊಟ್ಟ ರನ್ 2.53. ಇಷ್ಟೇ ಆಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಗೆದ್ದವನಿಗೆ ಥ್ಯಾಂಕ್ಸ್ ಹೇಳಲು ಜಗತ್ತಿದೆ.

ತಾತ ನನಗೆ ಸೋತ ಪಂದ್ಯಗಳನ್ನೂ ತೋರಿಸಿದರು. ಅಕ್ಟೋಬರ್ ಅಂದರೆ ಬೇಸ್‌ಬಾಲಿನ ನಾಕೌಟ್ ತಿಂಗಳು, ಕರ್ಶಾಗೆ ಪಿತೃಪಕ್ಷ. 2014ರಲ್ಲಿ ಕಾರ್ಡಿನಲ್ಸ್ ವಿರುದ್ಧ ತಂಡ 2-0 ಮುಂದಿದ್ದಾಗ, ಏಳನೇ ಇನ್ನಿಂಗ್ಸಿನಲ್ಲಿ ಮ್ಯಾಟ್ ಆಡಮ್ಸ್ ಮೂರು ರನ್ನಿನ ಹೋಮ್‌ರನ್ (ನಮ್ಮ ಸಿಕ್ಸರ್‌ನಂತೆ ಬೇಲಿಯಾಚೆಗಿನ ಹೊಡೆತ) ಹೊಡೆದ. ಹೊಡೆಸಿಕೊಂಡ ಚೆಂಡು ಅದೇ ಕರ್ವ್‌ಬಾಲ್. ಹೊಡೆದವನೇ ಕುಣಿದುಬಿಟ್ಟ. 2017ರ ವರ್ಲ್ಡ್ ಸೀರೀಸ್ ಅನ್ನುವ ಫೈನಲ್ ಸರಣಿಯಲ್ಲಿ, ಹ್ಯೂಸ್ಟನ್ ಆಸ್ಟ್ರೋಸ್ ವಿರುದ್ಧ ಅವರ ಊರಿನಲ್ಲಿ, ನಾಲ್ಕು ರನ್ನಿನ ಮುನ್ನಡೆ ಕರಗಿತು. ಆ ವರ್ಷ ಆಸ್ಟ್ರೋಸ್‌ನವರು ಕ್ಯಾಮೆರಾ ಇಟ್ಟು, ಮುಂದಿನ ಎಸೆತ ಯಾವುದೆಂದು ಕ್ಯಾಚರ್ ಕೊಡುವ ಸನ್ನೆ ಕದ್ದು, ಕಸದ ಡಬ್ಬ ಬಡಿದು ಬ್ಯಾಟರ್‌ಗೆ ತಿಳಿಸುತ್ತಿದ್ದರೆಂದು ಆಮೇಲೆ ಬಯಲಾಯಿತು. ತಾತ ಈ ವಿಷಯ ಮಾತಾಡುವಾಗ ಬಳಸುವ ಸ್ಪ್ಯಾನಿಷ್ ನನಗೆ ಅನುವಾದ ಮಾಡಿಕೊಡುವುದಿಲ್ಲ. 2019ರಲ್ಲಿ ವಾಷಿಂಗ್ಟನ್ ವಿರುದ್ಧ ಎಂಟನೇ ಇನ್ನಿಂಗ್ಸಿನಲ್ಲಿ ಎರಡು ಚೆಂಡಿಗೆ ಎರಡು ಹೋಮ್‌ರನ್, ರೆಂಡನ್ ಒಂದು, ಸೋಟೊ ಒಂದು. ಆಮೇಲೆ ಡಗೌಟಿನಲ್ಲಿ ಒಬ್ಬನೇ ತಲೆ ತಗ್ಗಿಸಿ ಕೂತಿದ್ದ. ಆ ಚಿತ್ರ ನನಗೆ ತುಂಬ ದಿನ ಕಾಡಿತು. 2023ರ ಅಕ್ಟೋಬರಿನಲ್ಲಂತೂ ಅರಿಜೋನಾ ವಿರುದ್ಧ ಒಬ್ಬನನ್ನಷ್ಟೇ ಔಟ್ ಮಾಡಿ ಆರು ರನ್ ಕೊಟ್ಟು ಹೊರಬಂದ. ಅದರ ಮುಂದಿನ ತಿಂಗಳೇ ಭುಜಕ್ಕೆ ಕತ್ತರಿ.

ಇಷ್ಟೆಲ್ಲ ಆಗಿಯೂ ಐದು ದಿನಕ್ಕೊಮ್ಮೆ, ಗಡಿಯಾರ ಹಿಡಿದ ಹಾಗೆ ಅದೇ ತಯಾರಿ ಮಾಡಿಕೊಂಡು ಬಂದು, ಅದೇ ನಿಧಾನದ ಚೆಂಡನ್ನು ಮತ್ತೆ ಎಸೆದನಲ್ಲ, ಅದಕ್ಕೆ ನನ್ನ ನಮಸ್ಕಾರ. ರಬ್ಬರ್ ಪಟ್ಟಿ ಎಳೆದು ಎಳೆದು, 2024ರ ಮಾರ್ಚಿನಲ್ಲಿ ನಾನು ಅದನ್ನು ಕಸದ ಬುಟ್ಟಿಗೆ ಹಾಕಿದ್ದೆ. ಜುಲೈ 25ರಂದು ಅವನು ಜೈಂಟ್ಸ್ ವಿರುದ್ಧ ಮತ್ತೆ ಮೌಂಡ್, ಅಂದರೆ ಪಿಚರ್ ನಿಲ್ಲುವ ದಿಬ್ಬ, ಹತ್ತಿದ. ಮಾರನೇ ದಿನ ಹೊಸ ಪಟ್ಟಿ ಕೊಂಡು ತಂದೆ. ಅವನಿಗೆ ಇಡೀ ವೈದ್ಯರ ಪಡೆ, ನನಗೆ ಹನ್ನೆರಡು ಡಾಲರಿನ ರಬ್ಬರು. ಅದಕ್ಕೇ ಅವನಿಗೆ ಒಂಬತ್ತು ತಿಂಗಳು, ನನಗೆ ಎರಡು ವರ್ಷ ಅಂತ ಸಮಾಧಾನ ಮಾಡಿಕೊಂಡಿದ್ದೇನೆ.

ತಾತನ ಕಥೆ ಹೇಳದೆ ಇದು ಮುಗಿಯುವುದಿಲ್ಲ, ಅನುಮತಿ ಕೇಳಿಯೇ ಬರೆಯುತ್ತಿದ್ದೇನೆ. ಅವರು ಹುಟ್ಟಿದ್ದು ಇದೇ ಊರಿನ ಷಾವೇಜ್ ರವೀನ್ ಕಣಿವೆಯಲ್ಲಿ, ಪಾಲೊ ವರ್ಡೆ ಅನ್ನುವ ಕೇರಿಯಲ್ಲಿ. ಬಡವರಿಗೆ ವಸತಿ ಕಟ್ಟುತ್ತೇವೆಂದು 1950ರ ದಶಕದಲ್ಲಿ ನಗರಾಡಳಿತದವರು ಅಲ್ಲಿನ ಮನೆಗಳನ್ನು ಖಾಲಿ ಮಾಡಿಸಿದರು. ವಸತಿ ಬರಲಿಲ್ಲ, ಜಾಗ ಡಾಡ್ಜರ್ಸ್‌ಗೆ ಹೋಯಿತು. ಕೊನೆಗೆ ಉಳಿದವರನ್ನು 1959ರ ಮೇನಲ್ಲಿ ಹೊತ್ತು ಹೊರಗೆ ಹಾಕಿದರು. 1962ರ ಏಪ್ರಿಲಿನಲ್ಲಿ ಅದೇ ಗುಡ್ಡದ ಮೇಲೆ ಡಾಡ್ಜರ್ ಸ್ಟೇಡಿಯಂ ತೆರೆಯಿತು. ತಾತನ ಅಪ್ಪ ಸಾಯುವವರೆಗೂ ಅಲ್ಲಿ ಕಾಲಿಡಲಿಲ್ಲ. ಆದರೆ ರಾತ್ರಿ ಕದ್ದುಮುಚ್ಚಿ ರೇಡಿಯೋ ಕೇಳುತ್ತಿದ್ದರಂತೆ, ಸ್ಯಾಂಡಿ ಕೋಫ್ಯಾಕ್ಸ್ ಎಸೆಯುವ ದಿನ. ಅವನದೂ ಎಡಗೈ, ಅವನದೂ ಕರ್ವ್‌ಬಾಲ್. ಮೊಣಕೈ ನೋವಿನಿಂದ 1966ರಲ್ಲಿ, ಮೂವತ್ತನೇ ವಯಸ್ಸಿಗೇ ಆಟ ಬಿಟ್ಟ. ತಾತ ಮೊದಲ ಸಲ ಟಿಕೆಟ್ ತೆಗೆದುಕೊಂಡದ್ದು 1981ರಲ್ಲಿ, ಮೆಕ್ಸಿಕೋದ ಸೊನೋರಾದ ಹಳ್ಳಿಯಿಂದ ಬಂದ ಇಪ್ಪತ್ತರ ಹುಡುಗ ಫರ್ನಾಂಡೊ ವಲೆನ್ಸುವೆಲಾನನ್ನು ನೋಡಲು. "ಅಪ್ಪನಿಗೆ ಹೇಳಿದೆಯಾ?" ಅಂತ ಕೇಳಿದೆ. "ಇಲ್ಲ. ಆದರೆ ಆ ರಾತ್ರಿ ಮನೆಗೆ ಬಂದಾಗ ಸ್ಕೋರ್ ಎಷ್ಟು ಅಂತ ಅವರೇ ಕೇಳಿದರು" ಅಂದರು. 2024ರ ಅಕ್ಟೋಬರ್ 22ರಂದು ಫರ್ನಾಂಡೊ ತೀರಿಕೊಂಡಾಗ ತಾತನ ಮನೆಗೆ ಅನ್ನ ಸಾರು ಕಳಿಸಿದೆವು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ ನಮ್ಮ ಕಡೆ.

2025ರ ಜುಲೈ 2ರಂದು ತಾತನೂ ನಾನೂ ಸ್ಟೇಡಿಯಂನಲ್ಲಿದ್ದೆವು. 3,000ನೇ ಸ್ಟ್ರೈಕ್‌ಔಟಿಗೆ ಮೂರು ಬೇಕಿತ್ತು. ಆರನೇ ಇನ್ನಿಂಗ್ಸಿನವರೆಗೂ ಕಾಯಿಸಿದ, ಅವತ್ತಿನ ನೂರನೇ ಎಸೆತದಲ್ಲಿ ವೈಟ್ ಸಾಕ್ಸ್‌ನ ವಿನ್ನಿ ಕಾಪ್ರಾ ಬ್ಯಾಟ್ ಎತ್ತದೆ ನಿಂತ. ಸುತ್ತಲೂ ಜನ ಎದ್ದು ಅಳುತ್ತಿದ್ದಾರೆ, ತಾತ ಮಾತ್ರ ಕೂತಲ್ಲೇ ಗೊಣಗಿದರು: "ಸ್ಲೈಡರ್!" ಕರ್ವ್‌ಬಾಲ್ ಆಗಬೇಕಿತ್ತು ಅಂತ ಅವರ ಸಂಕಟ. ಸ್ಲೈಡರ್ ಅಂದರೆ ಅದಕ್ಕಿಂತ ವೇಗದ, ಕಡಿಮೆ ಬಾಗುವ ಎಸೆತ. ಫಾಸ್ಟ್‌ಬಾಲ್ ಅಷ್ಟೊತ್ತಿಗೆ 89ಕ್ಕೆ ಇಳಿದಿತ್ತು, ಹೆಚ್ಚು ಕೆಲಸ ಮಾಡುತ್ತಿದ್ದದ್ದು ಸ್ಲೈಡರೇ. ನನಗೇನೋ ಅದೂ ಇಷ್ಟವಾಯಿತು. ಮನೆದೇವರನ್ನು ಪ್ರತಿ ಕೆಲಸಕ್ಕೂ ಎಬ್ಬಿಸಬಾರದು.

ಅಕ್ಟೋಬರ್ 27ರ ರಾತ್ರಿ ಮಾತ್ರ ಮರೆಯಲಾರೆ. ಟೊರಾಂಟೊ ವಿರುದ್ಧ ವರ್ಲ್ಡ್ ಸೀರೀಸ್‌ನ ಮೂರನೇ ಪಂದ್ಯ, ಹದಿನೆಂಟು ಇನ್ನಿಂಗ್ಸ್, ಆರೂವರೆ ಗಂಟೆ ಮೀರಿ ನಡೆಯಿತು. ಹನ್ನೆರಡನೇ ಇನ್ನಿಂಗ್ಸಿನಲ್ಲಿ ಟೊರಾಂಟೊದವರು ಮೂರೂ ಬೇಸ್ ತುಂಬಿ ಇಬ್ಬರು ಔಟ್ ಆಗಿದ್ದಾಗ (ಮೂವರು ಔಟಾದರೆ ಸರದಿ ಮುಗಿಯಿತು), 37 ವರ್ಷದ, ನಿವೃತ್ತಿ ಘೋಷಿಸಿಯಾಗಿದ್ದ ಕರ್ಶಾನನ್ನು ಕರೆದರು. ನಾನು ಟೀವಿ ಮುಂದಿನಿಂದ ಎದ್ದು ಅಡುಗೆಮನೆಗೆ ಹೋದೆ. ನೋಡಲಾಗಲಿಲ್ಲ, ನಿಜ ಹೇಳುತ್ತೇನೆ. ಮೂರು ಬಾಲ್, ಎರಡು ಸ್ಟ್ರೈಕ್, ಲೂಕ್ಸ್ ನೆಲಕ್ಕೆ ಹೊಡೆದ, ಔಟ್. ಗೊತ್ತಾದದ್ದು ಬೇಲಿಯಾಚೆಯಿಂದ ತಾತ ಕೂಗಿದ್ದು ಕೇಳಿ. ಒಬ್ಬನೇ ಬ್ಯಾಟರ್, ಡಾಡ್ಜರ್ಸ್‌ಗಾಗಿ ಕರ್ಶಾನ ಕೊನೆಯ ಎಸೆತ ಅದೇ ಆಯಿತು. ನವೆಂಬರ್ 1ರಂದು ತಂಡ ಗೆದ್ದಾಗ ಅವನು ಬದಲಿ ಪಿಚರ್‌ಗಳು ತಯಾರಾಗುವ ಬುಲ್‌ಪೆನ್‌ನಲ್ಲಿ ಕೈ ಬೆಚ್ಚಗೆ ಮಾಡಿಕೊಳ್ಳುತ್ತಿದ್ದ.

ಇನ್ನು ನನ್ನ ನಾಲ್ಕು ಓವರ್. ಮೊದಲನೆಯದರಲ್ಲಿ 17 ಹೋಯಿತು. ಎರಡು ಸಿಕ್ಸರ್, ಅದೂ ಇಪ್ಪತ್ತೆರಡರ ಹುಡುಗನಿಂದ. ಕ್ಯಾಪ್ಟನ್ ನನ್ನ ಕಡೆ ನೋಡಿದ, ನಾನು ಬೇರೆ ಕಡೆ ನೋಡಿದೆ. ಬೌಂಡರಿಯ ಹೊರಗೆ ಮಡಚುವ ಕುರ್ಚಿಯಲ್ಲಿ ತಾತ, ನೀಲಿ ಟೋಪಿ, ಕ್ರಿಕೆಟ್ ನೋಡುತ್ತಿರುವುದು ಜನ್ಮದಲ್ಲಿ ಮೊದಲ ಸಲ. ಮೂರನೇ ಓವರಿನಲ್ಲಿ ಅದೇ ಹುಡುಗನಿಗೆ ಇನ್ನೂ ನಿಧಾನ, ಇನ್ನೂ ಮೇಲೆ, ಬೆರಳನ್ನು ಚೆಂಡಿನ ಮೇಲಿನಿಂದ ಎಳೆದು ಹಾಕಿದೆ. ಅವನು ಮುಂದೆ ಬಂದ, ಚೆಂಡು ಬರಲಿಲ್ಲ. ಕೀಪರ್ ಬೇಲ್ಸ್ ಎತ್ತಿದ.

ತಾತ ಆಗಲೇ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರಂತೆ, ಚೆಂಡು ಇನ್ನೂ ನೆಲ ಮುಟ್ಟುವ ಮುಂಚೆಯೇ. ಪಕ್ಕದಲ್ಲಿ ಕೂತಿದ್ದ ನನ್ನ ಮಗಳು ಹೇಳಿದ್ದು. ಸ್ಟಂಪಿಂಗ್ ಅಂದರೇನೆಂದು ಅವರಿಗೆ ಕಾರಿನಲ್ಲಿ ವಾಪಸ್ ಬರುವಾಗ ವಿವರಿಸಿದೆ. ಕೇಳಿಸಿಕೊಂಡು, "ಅದೆಲ್ಲ ಇರಲಿ, ಅಷ್ಟು ದೂರ ಓಡಿ ಬಂದು ಯಾಕೆ ಎಸೆಯುತ್ತೀ? ಅದಕ್ಕೇ ಭುಜ ಹೋಗಿದ್ದು" ಅಂದರು. ನಾನು ಓಡುವುದು ನಾಲ್ಕೇ ಹೆಜ್ಜೆ.

ಬರುವ ಭಾನುವಾರ ಮಧ್ಯಾಹ್ನ ಮನೆಯಲ್ಲಿ ಊಟ. ಬಿಸಿಬೇಳೆಬಾತ್, ಕೋಸಂಬರಿ, ತಾತನ ಮನೆಯಿಂದ ಮೆಕ್ಸಿಕನ್ ತಿನಿಸು ತಮಾಲೆ. ಮೇಲೆ ಹೆಸರು ಬಂದವರು, ಬರದವರು ಎಲ್ಲ ಬನ್ನಿ. ಊಟ ಆದ ಮೇಲೆ 2014ರ ಜೂನ್ 18ರ ಪಂದ್ಯ ಹಾಕುತ್ತೇವೆ, ಕೊಲರಾಡೊ ವಿರುದ್ಧ ಒಂದೂ ಹಿಟ್ ಕೊಡದೆ ಹದಿನೈದು ಜನರನ್ನು ಸ್ಟ್ರೈಕ್‌ಔಟ್ ಮಾಡಿದ್ದು. ಏಳನೇ ಇನ್ನಿಂಗ್ಸಿನಲ್ಲಿ ಶಾರ್ಟ್‌ಸ್ಟಾಪ್ ಜಾಗದ ಫೀಲ್ಡರ್ ತಪ್ಪು ಎಸೆಯುತ್ತಾನೆ. ಆಗ ತಾತ ಬೈಯುತ್ತಾರೆ, ಮಕ್ಕಳನ್ನು ಸ್ವಲ್ಪ ಹಿತ್ತಲಿಗೆ ಕಳಿಸಿ.