ದುಬೈಗೆ ಹೋದ ಅಣ್ಣ ಏನಾದ?

ಪ್ರೀತಿಯ ತಮ್ಮ,

ನಿನ್ನ ಕಾದಂಬರಿ ಓದಿ ಮುಗಿಸಿದೆ. ಪ್ರಕಾಶಕರನ್ನು ಹುಡುಕೋದು ಹೇಗೆ, ಎಷ್ಟು ಪುಟ ಇರಬೇಕು ಅಂತೆಲ್ಲ ಕೇಳಿದ್ದೀಯ. ಅದನ್ನು ಹೇಳೋಕೆ ಬೇಕಾದಷ್ಟು ಜನ ಇದ್ದಾರೆ. ನನಗೆ ಬರೆಯೋಕೆ ಬರಲ್ಲ ಅಂತ ಕೊನೆಗೆ ಬರೆದಿದ್ದೀಯಲ್ಲ, ಅದು ಸುಳ್ಳು. ನಿನ್ನ ಕಾದಂಬರಿಯಲ್ಲಿ ಸೊಸೈಟಿ ಸಾಲದ ನೋಟಿಸನ್ನು ಅಪ್ಪ ಮಡಚಿ ಪಂಚಾಂಗದೊಳಗೆ ಇಡುತ್ತಾನೆ. ಬರೆಯಲು ಬಾರದವನಿಗೆ ಇದು ಹೊಳೆಯುವುದಿಲ್ಲ.

ನನ್ನ ಸಿಟ್ಟು ಬೇರೆ. ಆರನೇ ಅಧ್ಯಾಯದಲ್ಲಿ ಅಣ್ಣ ದುಬೈಗೆ ಹೋಗುತ್ತಾನೆ. ಆಮೇಲೆ ದುಡ್ಡು ಬರುತ್ತದೆ, ಸಾಲ ತೀರುತ್ತದೆ, ತಂಗಿಯ ಮದುವೆ ಆಗುತ್ತದೆ. ಅಣ್ಣ ಮಾತ್ರ ಬರುವುದಿಲ್ಲ. ಬೇಡದ ಸಾಮಾನನ್ನು ಅಟ್ಟಕ್ಕೆ ಹಾಕುವ ಹಾಗೆ ಅವನನ್ನು ದುಬೈಗೆ ಹಾಕಿಬಿಟ್ಟೆ. ಪತ್ರದಲ್ಲಿ ಬೇರೆ, ದುಬೈ ಇಲ್ಲಿ ಬಿಡುಗಡೆಯ ಸಂಕೇತ ಅಂತ ವಿವರಣೆ! ಯಾರ ಬಿಡುಗಡೆ ಮಾರಾಯ?

ದೊಡ್ಡವರೂ ಹೀಗೆ ಮಾಡಿದ್ದಾರೆ. ಇಂಗ್ಲಿಷ್ ಕಾದಂಬರಿಕಾರ ಡಿಕನ್ಸ್‌ನ, 1850ರಲ್ಲಿ ಮುಗಿದ 'ಡೇವಿಡ್ ಕಾಪರ್‌ಫೀಲ್ಡ್' ನೋಡು. ಇಂಗ್ಲೆಂಡಿನಲ್ಲಿ ಏನು ಮಾಡಬೇಕೋ ತಿಳಿಯದವರನ್ನೆಲ್ಲ ಡಿಕನ್ಸ್ ಹಡಗು ಹತ್ತಿಸಿ ಆಸ್ಟ್ರೇಲಿಯಾಕ್ಕೆ ಕಳಿಸಿದ. ಸಾಲಗಾರರಿಂದ ತಲೆ ತಪ್ಪಿಸಿಕೊಂಡೇ ಬದುಕಿದ ಮಿಕಾಬರ್ ಅಲ್ಲಿ ಮ್ಯಾಜಿಸ್ಟ್ರೇಟ್ ಆಗುತ್ತಾನೆ. ಎಷ್ಟು ಸಲೀಸು, ಅಲ್ವಾ? ಡಿಕನ್ಸ್ ಆ ದೇಶವನ್ನು ನೋಡಿದವನೇ ಅಲ್ಲ. ಆಮೇಲೆ ತನ್ನ ಗಂಡುಮಕ್ಕಳಲ್ಲೂ ಇಬ್ಬರನ್ನು ಅಲ್ಲಿಗೆ ಕಳಿಸಿದ. 1868ರಲ್ಲಿ ಹೊರಟ ಕಿರಿಯವನಿಗೆ 16 ವರ್ಷ.

ಆದರೆ 1860ರ ಕೊನೆಗೆ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' ಶುರುಮಾಡಿದಾಗ, ಕಳಿಸಿದ್ದು ವಾಪಸ್ ಬರುತ್ತದೆ. ಈ ಕಾದಂಬರಿಯ ನಾಯಕ ಪಿಪ್‌ಗೆ 23 ವರ್ಷ. ಯಾರದೋ ದುಡ್ಡಿನಲ್ಲಿ ಲಂಡನ್ನಿನಲ್ಲಿ ಶೋಕಿ ಮಾಡಿಕೊಂಡಿದ್ದಾನೆ. ದುಡ್ಡು ಕೊಡುತ್ತಿರುವವಳು ಊರಿನ ಶ್ರೀಮಂತ ಹೆಂಗಸು ಅಂತ ಅವನ ನಂಬಿಕೆ. ಒಂದು ಗಾಳಿಮಳೆಯ ರಾತ್ರಿ ಮ್ಯಾಗ್‌ವಿಚ್ ಮೆಟ್ಟಿಲು ಹತ್ತಿ ಬರುತ್ತಾನೆ. ಚಿಕ್ಕವನಿದ್ದಾಗ ಪಿಪ್ ಮನೆಯಿಂದ ಊಟ ಕದ್ದು ತಂದು ಯಾರಿಗೆ ಕೊಟ್ಟಿದ್ದನೋ ಆ ಕೈದಿ. ನ್ಯೂ ಸೌತ್ ವೇಲ್ಸ್‌ಗೆ ಜೀವಾವಧಿ ಗಡೀಪಾರಾದವನು. ವಾಪಸ್ ಬಂದು ಸಿಕ್ಕಿಬಿದ್ದರೆ ಮರಣದಂಡನೆ. ಅಲ್ಲಿ ಕುರಿ ಸಾಕಿ ಗಳಿಸಿದ್ದನ್ನು ಈ ಹುಡುಗನಿಗೆ ಕೊಡುತ್ತಿದ್ದವನು ಇವನೇ. ಪ್ರೀತಿಯಿಂದ ಎರಡೂ ಕೈ ಚಾಚುತ್ತಾನೆ. ಪಿಪ್‌ಗೆ ಹೇಸಿಗೆ ಆಗುತ್ತದೆ.

ಇಡೀ ಪುಸ್ತಕದಲ್ಲಿ ಆಸ್ಟ್ರೇಲಿಯಾದ ಒಂದು ದೃಶ್ಯವೂ ಇಲ್ಲ, ಗಮನಿಸು. ಇರುವುದು ಮ್ಯಾಗ್‌ವಿಚ್‌ನ ಮಾತು ಮಾತ್ರ. ತಾನು ನಡೆದು ಹೋಗುವಾಗ ಅಲ್ಲಿನ ಸಾಹುಕಾರರ ಕುದುರೆಗಳು ಮೈಮೇಲೆ ಧೂಳು ಎರಚುತ್ತಿದ್ದವಂತೆ. ಆಗೆಲ್ಲ ಮನಸ್ಸಿನಲ್ಲೇ, ನಿಮಗಿಂತ ದೊಡ್ಡ ಜಂಟಲ್‌ಮನ್ನನ್ನು ನಾನು ತಯಾರು ಮಾಡ್ತಾ ಇದೀನಿ ಅಂದುಕೊಳ್ಳುತ್ತಿದ್ದನಂತೆ. ನನಗೆ ಆ ಧೂಳು ಸಾಕು, ನಕ್ಷೆ ಬೇಡ. ಕೊನೆಗೆ ಪಿಪ್ ತಾನೇ ಕೆಲಸಕ್ಕೆ ಕೈರೋಗೆ ಹೋಗಿ 11 ವರ್ಷ ಊರಿನಿಂದ ದೂರ ಇರುತ್ತಾನೆ. ಈಜಿಪ್ಟಿನ ಒಬ್ಬ ಮನುಷ್ಯನೂ ನಮಗೆ ಕಾಣುವುದಿಲ್ಲ! ಅಲ್ಲಿ ಡಿಕನ್ಸ್ ಮತ್ತೆ ಹಳೇ ಚಾಳಿಗೆ ಬಿದ್ದ.

ಹಿಂದೆ ನನ್ನ ಒಂದು ಕತೆಯಲ್ಲಿ ಬರುವ ಬೊಂಬಾಯಿ 'ಆಧುನಿಕತೆಯ ರೂಪಕ' ಅಂತ ಒಬ್ಬ ವಿಮರ್ಶಕರು ಬರೆದರು. ಶಾಲು ಹೊದಿಸಿದ ಸಭೆಯಲ್ಲೂ ಅದೇ ಮಾತು. ನನ್ನ ಕತೆಯ ಹುಡುಗ ಅಲ್ಲಿ ಹೋಟೆಲಿನಲ್ಲಿ ತಟ್ಟೆ ತೊಳೆದು, ಬೆರಳ ಸಂದೆಲ್ಲ ಹುಣ್ಣಾಗಿ ಊರಿಗೆ ಬಂದಿದ್ದ. ಬೆರಳಿನ ಬಗ್ಗೆ ಒಬ್ಬರೂ ಮಾತಾಡಲಿಲ್ಲ. ಆ ಸಿಟ್ಟನ್ನು ಈಗ ನಿನ್ನ ಮೇಲೆ ಸ್ವಲ್ಪ ತೀರಿಸಿಕೊಂಡೆ ಅಂತಲೇ ಇಟ್ಟುಕೋ.

ದುಬೈ ನೋಡಿಕೊಂಡು ಬಾ ಅಂತ ನಾನು ಹೇಳುತ್ತಿಲ್ಲ. ಅಣ್ಣನನ್ನು ರಜೆಗೆ ಕರೆಸು. ಸಾಲ ತೀರಿಸಿದ ಮಗ ಅಂತ ಅಪ್ಪ ಅವನ ಹತ್ತಿರ ಮರ್ಯಾದೆ ಕೊಟ್ಟು ಮಾತಾಡಲಿ, ಅದರಿಂದ ಇಬ್ಬರಿಗೂ ಇರುಸುಮುರುಸಾಗಲಿ. ಅವನು ತಂದ ಸೆಂಟು, ಸೋಪು ಹಂಚಿ ಮುಗಿದ ಮೇಲೆ, ಅಲ್ಲಿ ಊಟಕ್ಕೆ ಏನು ಮಾಡ್ತೀಯ ಅಂತ ಮನೆಯಲ್ಲಿ ಯಾರಾದರೂ ಕೇಳ್ತಾರಾ? ನಿನಗೆ ಗೊತ್ತಿರುತ್ತದೆ. ಸಂಕೇತ ಗಿಂಕೇತ ಅಂತ ಸುಮ್ನೆ ತಲೆ ಕೆಡಿಸ್ಕೋಬೇಡ.

ಏಳನೇ ಅಧ್ಯಾಯ ಹೊಸದಾಗಿ ಬರೆದು ಕಳಿಸು. ಅಕ್ಷರ ಸ್ವಲ್ಪ ದೊಡ್ಡದಾಗಿ ಪ್ರಿಂಟ್ ಹಾಕಿಸು, ನನ್ನ ಕಣ್ಣು ಮೊದಲಿನ ಹಾಗಿಲ್ಲ. ಮತ್ತೆ, ಮುನ್ನುಡಿ ಮಾತ್ರ ಕೇಳಬೇಡ.

ಇಂತಿ,
ನಿನ್ನ ಹಳೇ ತಲೆಮಾರಿನ ಓದುಗ